ಕಲ್ಯಾಣದ ನವಾಬರು, ಜಹಗೀರಿನ ಜನರು

ಹುಡಗಿಯಿಂದ ಬಸವಕಲ್ಯಾಣದವರೆಗಿನ ಸೀಮೆಯಲ್ಲಿ, 1948ಕ್ಕೆ ಮುನ್ನ, ಕಂದಾಯ ಯಾರಿಗೆ ಸಲ್ಲುತ್ತದೆ ಎಂದು ವಿಚಾರಿಸಿದ್ದರೆ ಎಲ್ಲ ಊರುಗಳಿಂದಲೂ ಒಂದೇ ಉತ್ತರ ಬರುತ್ತಿರಲಿಲ್ಲ. ಕೆಲವು ಹಳ್ಳಿಗಳ ಕಂದಾಯ ನಿಜಾಮ ಸರ್ಕಾರಕ್ಕೆ, ಚಿಟಗುಪ್ಪಾ ಭಾಗದ್ದು ಪಾಯಗಾ ಮನೆತನಕ್ಕೆ, ಕಲ್ಯಾಣದ ಸುತ್ತಲಿನದು ಅಲ್ಲಿಯ ನವಾಬರಿಗೆ ಸಲ್ಲುತ್ತಿತ್ತು.

ಚಾಲುಕ್ಯರ ರಾಜಧಾನಿಯಾಗಿ ಮೆರೆದ ಕಲ್ಯಾಣವನ್ನು 1657ರಲ್ಲಿ ಔರಂಗಜೇಬನು ಬಿಜಾಪುರದವರಿಂದ ಗೆದ್ದುಕೊಂಡನು. ಮುಂದೆ ನಿಜಾಮರ ಆಳ್ವಿಕೆಯಲ್ಲಿ ಅದು ನವಾಬ ಮನೆತನವೊಂದರ ಜಹಗೀರಾಯಿತು. ಆ ಮನೆತನದವರಿಗೆ ಹೈದರಾಬಾದಿನಲ್ಲಿಯೂ ಒಂದು ಹವೇಲಿ ಇತ್ತು. ಊರಿನಿಂದ ಬಂದ ಪ್ರಜೆಗಳಿಗೆ ಅಲ್ಲಿ ಬಡಿಸುತ್ತಿದ್ದ ಅಡುಗೆಯೇ ಇಂದಿನ ‘ಕಲ್ಯಾಣಿ ಬಿರಿಯಾನಿ’ ಎಂಬ ಪ್ರತೀತಿಯಿದೆ.

ಇಂಗ್ಲೆಂಡಿನ ಶ್ರೀಮಂತ ಮನೆತನಗಳೊಡನೆ ಇದನ್ನು ಹೋಲಿಸಿ ನೋಡಬಹುದು. ಡೆವನ್‌ಷೈರ್ ಡ್ಯೂಕರ ಪೂರ್ವಜರು ಚಾಟ್ಸ್‌ವರ್ತ್ ಎಸ್ಟೇಟನ್ನು 1549ರಲ್ಲಿ ಹಣ ಕೊಟ್ಟು ಕೊಂಡರು; ಭೂಮಿ ಅವರ ಸ್ವಂತದ್ದಾಗಿತ್ತು. ಜಹಗೀರುದಾರನಿಗಾದರೋ ಇದ್ದದ್ದು ಕಂದಾಯ ಪಡೆಯುವ ಹಕ್ಕು ಮಾತ್ರ. ಅವನು ತೀರಿಕೊಂಡರೆ ಮಗನಿಗೆ ಆ ಹಕ್ಕು ದೊರೆಯಲು ನಿಜಾಮರ ಮಂಜೂರಾತಿ ಬೇಕಿತ್ತು. ಆದರೂ ಹೊಲ ಉಳುವವನಿಗೆ ಈ ಭೇದ ಕಾಣುತ್ತಿರಲಿಲ್ಲ. ಅವನ ಪಾಲಿಗೆ ಕಂದಾಯ ಕೇಳಲು ಬಂದವನೇ ಒಡೆಯ.

ಎರಡು ವ್ಯವಸ್ಥೆಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕುಸಿದವು. 1950ರಲ್ಲಿ ಹತ್ತನೆಯ ಡ್ಯೂಕರು ನಿಧನರಾದಾಗ ಆಸ್ತಿಯ ಮೇಲೆ ಶೇಕಡಾ 80ರಷ್ಟು ಮರಣ ತೆರಿಗೆ ಬಿದ್ದಿತು. ಅದನ್ನು ತೀರಿಸಲು ಆ ಕುಟುಂಬವು ಹಾರ್ಡ್‌ವಿಕ್ ಹಾಲ್ ಎಂಬ ಮಹಾಸೌಧವನ್ನು ಬಿಟ್ಟುಕೊಟ್ಟಿತು. ಇಲ್ಲಿ 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದವು. ಜಹಗೀರುದಾರರಿಗೆ ಪರಿಹಾರಧನ ಗೊತ್ತಾಯಿತು. ಗೇಣಿದಾರರಿಗಾಗಿ 1950ರಲ್ಲಿ ಕಾಯ್ದೆಯೊಂದು ಬಂದಿತು.

ಇಂದು ಚಾಟ್ಸ್‌ವರ್ತ್ ಅರಮನೆಯನ್ನು ಜನ ಟಿಕೆಟು ಕೊಂಡು ನೋಡುತ್ತಾರೆ. ಕಲ್ಯಾಣದ ಕೋಟೆಯೊಳಗೂ ವಸ್ತುಸಂಗ್ರಹಾಲಯವಿದೆ. ಅಲ್ಲಿ ಶಿಲ್ಪಗಳುಂಟು, ಆದರೆ ಕೋಟೆಯ ಕಣಜ ತುಂಬಿಸಿದ ಒಕ್ಕಲಿನ ಗುರುತಾವುದೂ ಇಲ್ಲಿ ಗೋಡೆಯೇರಿ ನಿಲ್ಲುವುದಿಲ್ಲ. ಆ ನೆನಪು ಉಳಿದಿರುವುದು ಮನೆಯ ಹಿರಿಯರ ಬಾಯಲ್ಲಿ, ಟ್ರಂಕಿನ ತಳದಲ್ಲಿರುವ ಹಳೆಯ ಉರ್ದು ಕಾಗದಗಳಲ್ಲಿ. ಆ ಕಾಗದಗಳನ್ನು ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ನಮ್ಮ ಮಕ್ಕಳಿಗೆ ಕೋಟೆಯನ್ನು ತೋರಿಸುವ ದಿನ, ಮೊದಲು ಅಜ್ಜನ ಬಳಿ ಕೂರಿಸಿ ಒಂದು ಮಾತು ಕೇಳಿಸೋಣ: “ಅಜ್ಜಾ, ನಮ್ಮ ಹೊಲದ ಕಂದಾಯ ಆಗ ಯಾರಿಗೆ ಹೋಗುತ್ತಿತ್ತು?”