ಬರ್ಗರ್ ಸಾಸ್: ಟೆಕ್ಸಸ್‌ನ ಕೌಂಟರಿನಿಂದ ಮನೆಯ ಅಡುಗೆಕಟ್ಟೆಗೆ

ಡಾಲಸ್‌ನಲ್ಲಿ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಆಸ್ಟಿನ್‌ನಲ್ಲಿ ಆಸ್ಟಿನ್ ಕನ್ನಡ ಸಂಘ. ಮೂರೂ ಊರುಗಳಲ್ಲಿ ಕನ್ನಡದ ಮಕ್ಕಳು ಬರ್ಗರ್ ತಿಂದೇ ಬೆಳೆಯುತ್ತಾರೆ. ಮನೆಯಲ್ಲಿ ಆಲೂ ಟಿಕ್ಕಿ ಮಾಡಿ ಬನ್ನಿನಲ್ಲಿಟ್ಟು ಕೊಟ್ಟರೂ ‘ಅಂಗಡಿಯ ರುಚಿ ಇಲ್ಲ’ ಎಂಬ ತಕರಾರು ತಪ್ಪುವುದಿಲ್ಲ. ಆ ರುಚಿಯ ಬಹುಪಾಲು ಸಾಸ್‌ನದು. ಅದರಲ್ಲಿ ಅಂಥ ರಹಸ್ಯವೇನೂ ಇಲ್ಲ. ಸಸ್ಯಾಹಾರಿ ಮನೆಗೆ ನಿಜವಾದ ತೊಡಕು ಒಂದೇ, ಮೊಟ್ಟೆ.

ಸಾಸಿವೆಯ ಸೀಮೆ

ಟೆಕ್ಸಸ್‌ನ ಹಳೆಯ ರುಚಿ ಹಳದಿ ಸಾಸಿವೆಯದು. ಹಾರ್ಮನ್ ಡಾಬ್ಸನ್ 1950ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಶುರುಮಾಡಿದ ವಾಟಬರ್ಗರ್‌ನಲ್ಲಿ ನೀವು ಏನೂ ಹೇಳದಿದ್ದರೆ ಬನ್ನಿಗೆ ಬೀಳುವುದು ಸಾಸಿವೆ ಸಾಸ್. ಮೇಯೊನೀಸ್ ಬೇಕಿದ್ದವರು ಕೇಳಿ ಹಾಕಿಸಿಕೊಳ್ಳಬೇಕು. ಬರ್ಗರ್ ಹುಟ್ಟಿದ್ದೇ ತಮ್ಮಲ್ಲಿ ಎನ್ನುವವರೂ ಇಲ್ಲಿದ್ದಾರೆ. ಡಾಲಸ್‌ನ ಆಗ್ನೇಯಕ್ಕಿರುವ ಅಥೆನ್ಸ್ ಪಟ್ಟಣದ ಫ್ಲೆಚರ್ ಡೇವಿಸ್ 1904ರ ಸೇಂಟ್ ಲೂಯಿ ವಿಶ್ವ ಮೇಳದಲ್ಲಿ ಅದನ್ನು ಮಾರಿದ ಎಂಬುದು ಆ ಊರಿನ ವಾದ. ಅಮೆರಿಕದ ಇನ್ನೂ ಕೆಲವು ಊರುಗಳು ಇಂಥದೇ ಹಕ್ಕು ಸಾಧಿಸುವುದರಿಂದ ಈ ಜಗಳ ಸದ್ಯಕ್ಕೆ ಬಗೆಹರಿಯುವಂಥದಲ್ಲ. ಫ್ರೆಂಚ್ಸ್ ಕಂಪನಿಯ ಹಳದಿ ಸಾಸಿವೆ ಸಾಸ್ ಹೆಸರು ಮಾಡಿದ್ದಂತೂ ಅದೇ ಮೇಳದಲ್ಲಿ.

ಈ ಸಾಸ್‌ಗೆ ಬಳಸುವುದು ಬಿಳಿ ಸಾಸಿವೆ. ಬಣ್ಣ ಬರುವುದು ಅರಿಸಿನದಿಂದ. ನಮ್ಮ ಒಗ್ಗರಣೆಯ ಸಾಸಿವೆಯನ್ನು ಹಸಿಯಾಗಿ ಅರೆದರೆ ಘಾಟು ಆವಿಯಾಗಿ ಮೂಗಿಗೆ ಅಡರುತ್ತದೆ. ಮಲೆನಾಡಿನಲ್ಲಿ ಸೌತೆಕಾಯಿ ಸಾಸಿವೆ ಉಂಡವರಿಗೆ ಇದು ಗೊತ್ತು. ಬಿಳಿ ಸಾಸಿವೆಯ ಖಾರ ಹಾಗೆ ಏಳದೆ ನಾಲಿಗೆಯ ಮೇಲೇ ನಿಲ್ಲುತ್ತದೆ. ಆದ್ದರಿಂದ ಮನೆಯ ಸಾಸಿವೆ ಅರೆದು ಈ ರುಚಿ ತರುವ ಗೋಜಿಗೆ ಹೋಗಬೇಡಿ. ಬಾಟಲಿ ಅಗ್ಗ, ಅದನ್ನೇ ಕೊಳ್ಳುವುದು ಲೇಸು.

ನಸುಗೆಂಪು ಸಾಸ್

ಮೇಯೊನೀಸ್‌ಗೆ ಕೆಚಪ್ ಮತ್ತು ಸಿಹಿ ಸೌತೆಕಾಯಿ ರೆಲಿಶ್ ಬೆರೆಸಿದ ಸಾಸ್ ಇನ್ನೊಂದು ಮನೆತನದ್ದು. ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್ ಇದನ್ನು ‘ಸ್ಪ್ರೆಡ್’ ಎನ್ನುತ್ತದೆ. ಆ ಅಂಗಡಿ 2011ರಲ್ಲಿ ಡಾಲಸ್ ಬಳಿಯ ಫ್ರಿಸ್ಕೊ ಮತ್ತು ಆಲೆನ್‌ಗೆ, 2019ರಲ್ಲಿ ಹ್ಯೂಸ್ಟನ್ ಕಡೆಯ ಸ್ಟ್ಯಾಫರ್ಡ್ ಮತ್ತು ಕೇಟಿಗೆ ಬಂತು. ಆಸ್ಟಿನ್‌ನಲ್ಲಿ 2005ರಲ್ಲಿ ತೆರೆದ ಪಿ. ಟೆರೀಸ್‌ಗೂ ತನ್ನದೇ ‘ಸ್ಪೆಷಲ್ ಸಾಸ್’ ಇದೆ. ಸಸ್ಯಾಹಾರಿ ಬರ್ಗರ್ ಮಾರುವುದರಿಂದ ನಮ್ಮವರಿಗೆ ಅದು ಪರಿಚಿತ. ಬಿಗ್ ಮ್ಯಾಕ್ ಸಾಸ್ ಇವುಗಳ ದಾಯಾದಿ. ನೋಡಲು ಹಾಗೇ ಇದ್ದರೂ ಅದರಲ್ಲಿ ಕೆಚಪ್ ಇಲ್ಲ, ಕೆಂಪು ಬರುವುದು ಪ್ಯಾಪ್ರಿಕಾದಿಂದ. ಮನೆಯಲ್ಲಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಲೇಬಲ್ ಹೇಳುವ ಗುಟ್ಟು

2012ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಬಾಣಸಿಗ ಡ್ಯಾನ್ ಕೂಡ್ರೊ ಅಂಗಡಿಯಲ್ಲಿ ಸಿಗುವ ಪದಾರ್ಥಗಳಿಂದಲೇ ಬಿಗ್ ಮ್ಯಾಕ್ ಸಾಸ್ ಬೆರೆಸಿ ವಿಡಿಯೊದಲ್ಲಿ ತೋರಿಸಿದರು: ಮೇಯೊನೀಸ್, ಸಿಹಿ ರೆಲಿಶ್, ಹಳದಿ ಸಾಸಿವೆ, ವಿನಿಗರ್, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಪ್ಯಾಪ್ರಿಕಾ. ಉಳಿದ ಕಂಪನಿಗಳ ವಿಷಯದಲ್ಲಿ ಲೇಬಲ್ಲೇ ಗುರು. ಅಮೆರಿಕದ ನಿಯಮದಂತೆ ಬಾಟಲಿಯ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 2 ಅಥವಾ ಅದಕ್ಕಿಂತ ಕಡಿಮೆ ಇರುವವಕ್ಕೆ ಮಾತ್ರ ವಿನಾಯಿತಿ. ವಾಟಬರ್ಗರ್‌ನ ಸಾಸ್‌ಗಳು ಎಚ್-ಇ-ಬಿ ಅಂಗಡಿಯ ಕಪಾಟಿನಲ್ಲೇ ಸಿಗುತ್ತವೆ. ತಿರುಗಿಸಿ ಓದಿ: ಸಕ್ಕರೆ ವಿನಿಗರ್‌ಗಿಂತ ಮೊದಲು ಬಂದಿದೆಯೇ ನಂತರವೇ ಎಂಬುದರಲ್ಲಿ ಅರ್ಧ ಪಾಕವಿಧಾನ ಅಡಗಿದೆ.

ಮೊಟ್ಟೆ ಮತ್ತು ಸಣ್ಣ ಮೀನು

ಅಮೆರಿಕದಲ್ಲಿ ಮೇಯೊನೀಸ್ ಎಂಬ ಹೆಸರಿಗೆ ತೂಕದ ಶೇ. 65ರಷ್ಟಾದರೂ ಎಣ್ಣೆ ಇರಬೇಕು, ಮೊಟ್ಟೆಯ ಹಳದಿಯೂ ಇರಬೇಕು. ಆದ್ದರಿಂದ ಬರ್ಗರ್ ಅಂಗಡಿಯ ಸಾಸ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇದ್ದೇ ಇರುತ್ತದೆ. ಮಾಂಸ ತೆಗೆಸಿದ ಮಾತ್ರಕ್ಕೆ ಬರ್ಗರ್ ಶುದ್ಧ ಸಸ್ಯಾಹಾರವಾಗದು. ವೂಸ್ಟರ್‌ಶೈರ್ ಸಾಸ್ ಸೇರಿದ್ದರೆ ಇನ್ನೂ ಎಚ್ಚರ, ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಮೀನಿರುತ್ತದೆ. ಅಲರ್ಜಿಯ ಕಾನೂನಿನಿಂದಾಗಿ ಬಾಟಲಿಯ ಮೇಲೆ ಮೊಟ್ಟೆ, ಮೀನು ಎರಡನ್ನೂ ಹೆಸರಿಸಲೇಬೇಕು. ಇದು ನಮಗೆ ಸಿಕ್ಕ ಪುಕ್ಕಟೆ ಲಾಭ.

ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್, ಎಣ್ಣೆಯ ಹನಿಗಳು ಒಂದಕ್ಕೊಂದು ಸೇರದಂತೆ ಹಿಡಿದಿಡುತ್ತದೆ. ಹಾಲಿನ ಪ್ರೋಟೀನಿಗೂ ಈ ಕೆಲಸ ಗೊತ್ತು. 100 ಮಿ.ಲೀ. ತಣ್ಣನೆಯ ಹಾಲು, 200 ಮಿ.ಲೀ. ವಾಸನೆಯಿಲ್ಲದ ಎಣ್ಣೆ, ಉಪ್ಪು ಮತ್ತು ಅರ್ಧ ಚಮಚ ಹಳದಿ ಸಾಸಿವೆಯನ್ನು ಎತ್ತರದ ಲೋಟಕ್ಕೆ ಹಾಕಿ, ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಒತ್ತಿ ತಿರುಗಿಸಿ. ಗಟ್ಟಿಯಾಗುತ್ತಿದ್ದಂತೆ ನಿಧಾನವಾಗಿ ಮೇಲೆತ್ತಿ. ನಿಂಬೆರಸ ಕೊನೆಗೆ. ಸಕ್ಕರೆ ಹಾಕದ ಸೋಯಾ ಹಾಲಿನಲ್ಲೂ ಹೀಗೇ ಆಗುತ್ತದೆ. ಮಿಕ್ಸಿಯಲ್ಲಿ ಮಾಡುವವರು ಬಿಟ್ಟು ಬಿಟ್ಟು ತಿರುಗಿಸಲಿ, ಬಿಸಿಯಾದರೆ ಎಣ್ಣೆ ಬೇರೆಯಾದೀತು.

ಅಳತೆ

ಸ್ಪ್ರೆಡ್ ಬಗೆಗೆ ಅರ್ಧ ಕಪ್ ಮೇಯೊನೀಸ್, ಮೂರು ದೊಡ್ಡ ಚಮಚ ಕೆಚಪ್, ಎರಡು ದೊಡ್ಡ ಚಮಚ ರೆಲಿಶ್, ಒಂದೊಂದು ಸಣ್ಣ ಚಮಚ ಸಕ್ಕರೆ ಮತ್ತು ವಿನಿಗರ್. ಬಿಗ್ ಮ್ಯಾಕ್ ಬಗೆಗೆ ಇದರಲ್ಲಿ ಕೆಚಪ್ ಮತ್ತು ಸಕ್ಕರೆ ಬಿಡಿ. ಎರಡು ಸಣ್ಣ ಚಮಚ ಹಳದಿ ಸಾಸಿವೆ, ಜೊತೆಗೆ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಪ್ಯಾಪ್ರಿಕಾ ಅರ್ಧರ್ಧ ಸಣ್ಣ ಚಮಚ ಸೇರಿಸಿ. ಪ್ಯಾಪ್ರಿಕಾ ಬದಲು ಬ್ಯಾಡಗಿ ಮೆಣಸಿನ ಪುಡಿ ಧಾರಾಳವಾಗಿ ನಡೆಯುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ತಾನೆ ಅದರ ಖ್ಯಾತಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರು ಕೆಚಪ್ ಬಾಟಲಿಯನ್ನೂ ಓದಬೇಕು. ಹೈನ್ಜ್ ಕೆಚಪ್ಪಿನಲ್ಲೂ ಈರುಳ್ಳಿ ಪುಡಿ ಇದೆ.

ಬೆರೆಸಿದ ಕೂಡಲೇ ರುಚಿ ನೋಡಿ ತೀರ್ಪು ಕೊಡಬೇಡಿ. ಒಣ ಪುಡಿಗಳು ನೆನೆಯಲು ಕೆಲವು ಗಂಟೆ ಬೇಕು. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಒಳ್ಳೆಯದು. ಹಾಲಿನ ಮೇಯೊನೀಸ್ ಹಾಕಿದ್ದನ್ನು ಮೂರು ನಾಲ್ಕು ದಿನಗಳೊಳಗೆ ಮುಗಿಸಿ. ಟೆಕ್ಸಸ್‌ನ ಬೇಸಿಗೆಯಲ್ಲಿ ಪಿಕ್ನಿಕ್ಕಿಗೆ ಒಯ್ಯುವುದಾದರೆ ಮಂಜುಗಡ್ಡೆ ತುಂಬಿದ ಕೂಲರ್ ಬೇಕೇ ಬೇಕು.