ಬಹುದಿನ ಚಾರಣಕ್ಕೆ ಹಗುರವಾದ ಮಧ್ಯಮ ಗಾತ್ರದ ಬೆನ್ನುಚೀಲದ ಆಯ್ಕೆ: ಉತ್ತರ ಬೆಂಗಳೂರಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮುಂತಾದ ಪ್ರದೇಶಗಳಿಂದ ಪಶ್ಚಿಮ ಘಟ್ಟಗಳಿಗೂ ಹಿಮಾಲಯಕ್ಕೂ ಚಾರಣಕ್ಕೆ ತೆರಳುವವರ ಪೈಕಿ ಮೊದಲ ಬಾರಿಗೆ ಹೋಗುವವರೂ ಇರುತ್ತಾರೆ. ಚಾರಣ ಪಥಕ್ಕೆ ಆನ್‌ಲೈನ್ ಮೂಲಕ ಅನುಮತಿ ಪಡೆದ ನಂತರ ಅರ್ಜಿದಾರರು ಮಾಡುವ ಮೊದಲ ದೊಡ್ಡ ಖರ್ಚು ಬೆನ್ನುಚೀಲದ್ದಾಗಿರುತ್ತದೆ. ಅಳತೆಗೆ ಹೊಂದದ ಅಥವಾ ಅತಿ ಭಾರವಾದ ಚೀಲವು ಹೆಗಲು ಮತ್ತು ಮಂಡಿಗಳ ನೋವಿಗೆ ಕಾರಣವಾಗುವುದಲ್ಲದೆ, ಇಳಿಜಾರಿನಲ್ಲಿ ದೇಹದ ಸಮತೋಲನ ತಪ್ಪಿಸಿ ಅಪಘಾತಕ್ಕೂ ಎಡೆಮಾಡಿಕೊಡುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಗಾತ್ರದ ನಿರ್ಧಾರ

ಬೆನ್ನುಚೀಲದ ಗಾತ್ರವನ್ನು ಲೀಟರ್‌ಗಳಲ್ಲಿ ಸೂಚಿಸಲಾಗುತ್ತದೆ. 20ರಿಂದ 30 ಲೀಟರ್ ಚೀಲವು ಒಂದು ದಿನದ ನಡಿಗೆಗೆ ಸಾಕು. ಎರಡರಿಂದ ನಾಲ್ಕು ದಿನಗಳ ಚಾರಣಕ್ಕೆ 40ರಿಂದ 50 ಲೀಟರ್ ಗಾತ್ರದ ಮಧ್ಯಮ ಚೀಲ ಸೂಕ್ತ. 60 ಲೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಚೀಲಗಳು ಡೇರೆ, ಒಲೆ, ವಾರದ ಆಹಾರ ಇವೆಲ್ಲವನ್ನೂ ಸ್ವತಃ ಹೊರುವವರಿಗಾಗಿ ಇರುವಂಥವು. ಚೀಲದಲ್ಲಿ ಜಾಗವಿದ್ದಷ್ಟೂ ಅನಗತ್ಯ ವಸ್ತುಗಳು ಸೇರಿಕೊಳ್ಳುತ್ತವೆ ಎಂಬುದನ್ನು ಗಮನದಲ್ಲಿಡಬೇಕು.

ಕರ್ನಾಟಕದ ಅರಣ್ಯ ಪಥಗಳಲ್ಲಿ ದೊಡ್ಡ ಚೀಲದ ಅಗತ್ಯ ವಿರಳ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಿಗರು ಸಂಜೆಯೊಳಗೆ ಕಾಡಿನಿಂದ ಹೊರಬರಬೇಕಾಗಿದ್ದು, ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಸುತ್ತಲಿನ ಗ್ರಾಮಗಳ ಹೋಂಸ್ಟೇಗಳಲ್ಲಿ ತಂಗುತ್ತಾರೆ. ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿರುವ 1,712 ಮೀಟರ್ ಎತ್ತರದ ಕುಮಾರ ಪರ್ವತದ ನೆತ್ತಿಯ ಮೇಲೆ ಡೇರೆ ಹಾಕುವುದಕ್ಕೆ ಅವಕಾಶವಿಲ್ಲ. ಕಾಡಿನಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಲಾಗಿದೆ. ಆದ್ದರಿಂದ ಡೇರೆ ಮತ್ತು ಒಲೆಯ ಭಾರ ತಾನಾಗಿಯೇ ಕಡಿಮೆಯಾಗುತ್ತದೆ. ಹಿಮಾಲಯದ ಸಂಘಟಿತ ಚಾರಣಗಳಲ್ಲಿ ಬಹುಪಾಲು ಆಯೋಜಕರೇ ಡೇರೆ ಹಾಗೂ ಮಲಗುವ ಚೀಲಗಳನ್ನು ಒದಗಿಸುವುದರಿಂದ ಅಲ್ಲಿಯೂ 50 ಲೀಟರ್ ಸಾಕಾಗುತ್ತದೆ. ಹಣ ಪಾವತಿಸುವ ಮೊದಲು ಆಯೋಜಕರು ಏನೇನು ಒದಗಿಸುವರು ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳತಕ್ಕದ್ದು.

2. ತೂಕದ ಲೆಕ್ಕ

ಆರೋಗ್ಯವಂತ ವಯಸ್ಕರು ಬಹುದಿನ ಚಾರಣದಲ್ಲಿ ಹೊರುವ ಒಟ್ಟು ಭಾರವು ತಮ್ಮ ದೇಹತೂಕದ ಶೇ. 20ನ್ನು ಮೀರಬಾರದು ಎಂಬುದು ಚಾರಣಿಗರಲ್ಲಿ ರೂಢಿಯಲ್ಲಿರುವ ಲೆಕ್ಕ. ಶಾಲಾ ಮಕ್ಕಳ ಚೀಲದ ತೂಕ ದೇಹತೂಕದ ಶೇ. 10ರ ಮಿತಿಯಲ್ಲಿರಬೇಕೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯು ಹೇಳುತ್ತದೆ. ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುವ ಪೋಷಕರು ಈ ಕಡಿಮೆ ಮಿತಿಯನ್ನೇ ಅನುಸರಿಸುವುದು ಒಳಿತು.

ಎರಡು ದಿನಗಳ ಚಾರಣಕ್ಕೆ ಒಂದು ಮಾದರಿ ಲೆಕ್ಕ:

ಖಾಲಿ ಬೆನ್ನುಚೀಲ: 1.2 ಕಿ.ಗ್ರಾಂ.
ಮಲಗುವ ಚೀಲ: 1.0 ಕಿ.ಗ್ರಾಂ.
ಚಾಪೆ: 0.4 ಕಿ.ಗ್ರಾಂ.
ಬಟ್ಟೆಬರೆ: 1.5 ಕಿ.ಗ್ರಾಂ.
ಮಳೆ ಅಂಗಿ: 0.4 ಕಿ.ಗ್ರಾಂ.
ಟಾರ್ಚ್, ಔಷಧಿ ಪೆಟ್ಟಿಗೆ: 0.5 ಕಿ.ಗ್ರಾಂ.
ತಟ್ಟೆ, ಲೋಟ: 0.3 ಕಿ.ಗ್ರಾಂ.
ಒಣ ಆಹಾರ: 1.2 ಕಿ.ಗ್ರಾಂ.
ನೀರು, 3 ಲೀಟರ್: 3.0 ಕಿ.ಗ್ರಾಂ.
ಒಟ್ಟು: 9.5 ಕಿ.ಗ್ರಾಂ.

60 ಕಿ.ಗ್ರಾಂ. ತೂಕದ ವ್ಯಕ್ತಿಗೆ ಮಿತಿ 12 ಕಿ.ಗ್ರಾಂ. ಆಗುವುದರಿಂದ ಈ ಹೊರೆ ಸುರಕ್ಷಿತ. 45 ಕಿ.ಗ್ರಾಂ. ತೂಕದ ವ್ಯಕ್ತಿಗೆ ಮಿತಿ 9 ಕಿ.ಗ್ರಾಂ. ಮಾತ್ರ. ಅಂದರೆ ಅದೇ ಹೊರೆ ಅರ್ಧ ಕಿ.ಗ್ರಾಂ. ಹೆಚ್ಚಾಯಿತು. ಇವರು 1.2 ಕಿ.ಗ್ರಾಂ. ಚೀಲದ ಬದಲು 2.2 ಕಿ.ಗ್ರಾಂ. ತೂಗುವ ಚೀಲವನ್ನು ಕೊಂಡಿದ್ದಲ್ಲಿ ಹೆಚ್ಚುವರಿ ಭಾರ ಒಂದೂವರೆ ಕಿ.ಗ್ರಾಂ. ಆಗುತ್ತಿತ್ತು. ಹಗುರವಾದ ಚೀಲದ ಪ್ರಯೋಜನವು ಕಡಿಮೆ ದೇಹತೂಕದವರಿಗೇ ಅಧಿಕ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೇಲಿನ ಪಟ್ಟಿಯಲ್ಲಿ ಅತಿ ಭಾರವಾದುದು ನೀರು. ಆದಾಗ್ಯೂ ತೂಕ ಇಳಿಸುವ ಸಲುವಾಗಿ ನೀರನ್ನು ಕಡಿಮೆ ಮಾಡಬಾರದು. ಕುಮಾರ ಪರ್ವತದಂತಹ ಬಯಲು ದಿಣ್ಣೆಗಳಲ್ಲಿ ನೆರಳೂ ನೀರೂ ವಿರಳವಾಗಿದ್ದು, ಬೇಸಿಗೆಯಲ್ಲಿ ನಿರ್ಜಲೀಕರಣದ ಅಪಾಯವಿರುತ್ತದೆ. ಬಟ್ಟೆಬರೆಗಳನ್ನು ಕಡಿತಗೊಳಿಸುವುದು, ಔಷಧಿ ಪೆಟ್ಟಿಗೆಯಂತಹ ಸಾಮಾನ್ಯ ವಸ್ತುಗಳನ್ನು ತಂಡದಲ್ಲಿ ಹಂಚಿಕೊಳ್ಳುವುದು ಹಾಗೂ ಅವಲಕ್ಕಿ, ಹುರಿಹಿಟ್ಟು, ಕಡಲೆ ಚಿಕ್ಕಿಯಂತಹ ಒಣ ಪದಾರ್ಥಗಳನ್ನು ಒಯ್ಯುವುದು ಸರಿಯಾದ ಕ್ರಮ.

3. ಬೆನ್ನಿನ ಅಳತೆ

ಚೀಲವನ್ನು ಆರಿಸಬೇಕಾದುದು ವ್ಯಕ್ತಿಯ ಎತ್ತರವನ್ನು ನೋಡಿ ಅಲ್ಲ, ಬೆನ್ನಿನ ಉದ್ದವನ್ನು ನೋಡಿ. ಒಂದೇ ಎತ್ತರದ ಇಬ್ಬರ ಬೆನ್ನಿನ ಉದ್ದ ಬೇರೆಯಾಗಿರಬಹುದು. ಅಳತೆಯ ವಿಧಾನ ಹೀಗಿದೆ:

ಅ) ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯನ್ನು ಗುರುತಿಸುವುದು.
ಆ) ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿಟ್ಟು ಹೆಬ್ಬೆರಳುಗಳನ್ನು ಬೆನ್ನಿನ ಕಡೆಗೆ ಚಾಚುವುದು.
ಇ) ಕತ್ತಿನ ಮೂಳೆಯಿಂದ ಹೆಬ್ಬೆರಳುಗಳನ್ನು ಕೂಡಿಸುವ ಗೆರೆಯವರೆಗೆ ದರ್ಜಿಯ ಟೇಪಿನಿಂದ ಇನ್ನೊಬ್ಬರು ಅಳೆಯುವುದು.

ಈ ಅಳತೆಯನ್ನು ಸೆಂಟಿಮೀಟರ್‌ಗಳಲ್ಲಿ ಬರೆದಿಟ್ಟುಕೊಂಡು ಚೀಲದ ಗುರುತುಪಟ್ಟಿಯೊಂದಿಗೆ ಹೋಲಿಸಬೇಕು. ಕುಟುಂಬದಲ್ಲಿ ಒಂದೇ ಚೀಲವನ್ನು ಹಲವರು ಬಳಸುವುದಾದರೆ ಬೆನ್ನಿನ ಉದ್ದವನ್ನು ಹೊಂದಿಸಿಕೊಳ್ಳಬಹುದಾದ ಮಾದರಿ ಉತ್ತಮ. ಅದರ ತೂಕ ಸ್ವಲ್ಪ ಹೆಚ್ಚಿರುತ್ತದೆ.

4. ರಚನೆ ಮತ್ತು ಬಟ್ಟೆ

ಸೊಂಟಪಟ್ಟಿಯು ಚೀಲದ ಮುಖ್ಯ ಭಾಗ. ಅದು ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮೇಲೆ ಕುಳಿತಾಗ ಭಾರದ ಬಹುಪಾಲು ಹೆಗಲಿನಿಂದ ಕಾಲುಗಳಿಗೆ ವರ್ಗಾವಣೆಯಾಗುತ್ತದೆ. ಮೆತ್ತೆಯಿಲ್ಲದ ತೆಳು ದಾರದಂತಹ ಸೊಂಟಪಟ್ಟಿ ಚೀಲ ಅಲುಗದಂತೆ ತಡೆಯಬಲ್ಲುದೇ ಹೊರತು ಭಾರವನ್ನು ಹೊರಲಾರದು.

ಭಾರವು ಸೊಂಟಕ್ಕೆ ಇಳಿಯಬೇಕಾದರೆ ಚೀಲದ ಬೆನ್ನಿನೊಳಗೆ ಅಲ್ಯೂಮಿನಿಯಂ ಪಟ್ಟಿ ಅಥವಾ ಗಟ್ಟಿ ಹಾಳೆಯ ಚೌಕಟ್ಟು ಇರಬೇಕು. ಚೌಕಟ್ಟಿಲ್ಲದ ಅತಿ ಹಗುರ ಚೀಲಗಳು ಸುಮಾರು 8 ಕಿ.ಗ್ರಾಂ.ವರೆಗೆ ಮಾತ್ರ ಹಿತಕರ. ಖಾಲಿ ಚೀಲದ ತೂಕ 1ರಿಂದ 1.5 ಕಿ.ಗ್ರಾಂ. ಇದ್ದು, ಸರಳ ಚೌಕಟ್ಟು ಹಾಗೂ ಮೆತ್ತೆಯ ಸೊಂಟಪಟ್ಟಿ ಇರುವ ಮಾದರಿಯು ಸಾಮಾನ್ಯ ಚಾರಣಿಗರಿಗೆ ಸಮತೋಲಿತ ಆಯ್ಕೆ. ಹತ್ತಾರು ಜೇಬು ಮತ್ತು ಜಿಪ್‌ಗಳು ತೂಕವನ್ನು ಹೆಚ್ಚಿಸುತ್ತವೆ.

ಬಟ್ಟೆಯ ದಪ್ಪವನ್ನು ಸೂಚಿಸಲು ಬಳಸುವ ಡೆನಿಯರ್ ಎಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. 100 ಡೆನಿಯರ್‌ನ ನೈಲಾನ್ ಹಗುರ, ಆದರೆ ಮುಳ್ಳುಪೊದೆಗಳಿಗೆ ಸಿಕ್ಕರೆ ಹರಿಯಬಹುದು. ಘಟ್ಟದ ಕಾಡುದಾರಿಗಳಿಗೆ 200 ಡೆನಿಯರ್ ಆಸುಪಾಸಿನ, ಚೌಕುಳಿ ನೇಯ್ಗೆಯ ನೈಲಾನ್ ಬಾಳಿಕೆ ಬರುತ್ತದೆ. ಹೆಗಲಪಟ್ಟಿ ಚೀಲಕ್ಕೆ ಸೇರುವ ಕಡೆ ಹೊಲಿಗೆ ದಟ್ಟವಾಗಿದೆಯೇ ಎಂದು ಎಳೆದು ಪರೀಕ್ಷಿಸಬೇಕು.

5. ಮಳೆಯಿಂದ ರಕ್ಷಣೆ

ಹೊರಗಿನ ಮಳೆಹೊದಿಕೆಯೊಂದನ್ನೇ ನಂಬುವುದು ಸೂಕ್ತವಲ್ಲ. ಬೆನ್ನಿನ ಕಡೆಯಿಂದ ಹರಿಯುವ ನೀರನ್ನು ಅದು ತಡೆಯುವುದಿಲ್ಲ, ಗಾಳಿಗೆ ಹಾರಿಯೂ ಹೋಗಬಹುದು. ಒಣ ಬಟ್ಟೆ, ಮಲಗುವ ಚೀಲ ಮತ್ತು ಗುರುತಿನ ಚೀಟಿಗಳನ್ನು ಬಾಯಿ ಸುತ್ತಿ ಮುಚ್ಚುವ, ಮರುಬಳಕೆಯ ಜಲನಿರೋಧಕ ಒಳಚೀಲದಲ್ಲಿ ಇಡಬೇಕು. ಎತ್ತರದ ಪ್ರದೇಶದಲ್ಲಿ ರಾತ್ರಿ ಒದ್ದೆ ಬಟ್ಟೆಯಲ್ಲಿ ಕಳೆಯುವುದು ದೇಹದ ಉಷ್ಣತೆ ಅಪಾಯಕರವಾಗಿ ಇಳಿಯಲು ಕಾರಣವಾಗಬಹುದು. ಚಾರಣದ ನಂತರ ಚೀಲವನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಎತ್ತಿಡಬೇಕು. ತೇವದಲ್ಲಿ ಇಟ್ಟ ಚೀಲದ ಒಳಲೇಪನ ಕಾಲಕ್ರಮೇಣ ಅಂಟಂಟಾಗಿ ಕಿತ್ತುಬರುತ್ತದೆ.

6. ತುಂಬುವ ಕ್ರಮ

ಮಲಗುವ ಚೀಲ ತಳದಲ್ಲಿ, ನೀರು ಮತ್ತು ಆಹಾರದಂತಹ ಭಾರದ ವಸ್ತುಗಳು ನಡುವೆ ಬೆನ್ನಿಗೆ ಹತ್ತಿರವಾಗಿ, ಮಳೆ ಅಂಗಿ ಮತ್ತು ಔಷಧಿಗಳು ಮೇಲ್ಭಾಗದಲ್ಲಿ ಇರತಕ್ಕದ್ದು. ಹೊರುವಾಗ ಮೊದಲು ಸೊಂಟಪಟ್ಟಿ, ನಂತರ ಹೆಗಲಪಟ್ಟಿ, ಕೊನೆಗೆ ಎದೆಪಟ್ಟಿಯನ್ನು ಬಿಗಿಗೊಳಿಸಬೇಕು. ಪಾತ್ರೆ, ಚಾಪೆ, ಶೂಗಳನ್ನು ಹೊರಗೆ ತೂಗುಹಾಕುವುದರಿಂದ ಅವು ಕೊಂಬೆಗಳಿಗೆ ಸಿಕ್ಕಿ ಚಾರಣಿಗರು ಎಡವುವ ಸಂಭವವಿದೆ.

7. ಖರೀದಿ ಮತ್ತು ಗ್ರಾಹಕರ ಹಕ್ಕುಗಳು

ಅಂಗಡಿಯಲ್ಲಿ ಖಾಲಿ ಚೀಲವನ್ನು ಹಾಕಿ ನೋಡಿದರೆ ಏನೂ ತಿಳಿಯದು. 8ರಿಂದ 10 ಕಿ.ಗ್ರಾಂ. ಭಾರ ತುಂಬಿಸಿ, ಕನಿಷ್ಠ 15 ನಿಮಿಷ ನಡೆದು, ಮೆಟ್ಟಿಲು ಹತ್ತಿಳಿದು ನೋಡಬೇಕು. ವರ್ಷಕ್ಕೊಮ್ಮೆ ಮಾತ್ರ ಚಾರಣಕ್ಕೆ ಹೋಗುವವರು ಬಾಡಿಗೆಗೆ ಪಡೆಯುವುದು ಮಿತವ್ಯಯಕರ. ಬಾಡಿಗೆ ಚೀಲದ ಬಕಲ್ಲು, ಜಿಪ್ ಮತ್ತು ಹೊಲಿಗೆಗಳ ಸ್ಥಿತಿಯನ್ನು ಪಡೆಯುವಾಗಲೇ ನಮೂದಿಸಿಕೊಳ್ಳಬೇಕು.

ಖರೀದಿಯ ರಸೀದಿ ಮತ್ತು ಖಾತರಿ ಪತ್ರವನ್ನು ಕಡ್ಡಾಯವಾಗಿ ಪಡೆದಿಟ್ಟುಕೊಳ್ಳಬೇಕು. ದೋಷಯುಕ್ತ ಸರಕಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾಗಿದ್ದು, ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಆನ್‌ಲೈನ್ ಮೂಲಕ ಕೊಂಡ ಚೀಲಕ್ಕೂ ಇದು ಅನ್ವಯಿಸುತ್ತದೆ.

8. ಪ್ರಯಾಣದ ಸೂಚನೆಗಳು

ಯಶವಂತಪುರದಿಂದ ಸಕಲೇಶಪುರ ಘಟ್ಟದ ಮೂಲಕ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲು ಸಂಪರ್ಕವಿದ್ದು, ಕುಮಾರ ಪರ್ವತಕ್ಕೆ ಹೋಗುವವರಿಗೆ ಅನುಕೂಲಕರವಾಗಿದೆ. 40ರಿಂದ 50 ಲೀಟರ್ ಚೀಲವು ಸಾಮಾನ್ಯವಾಗಿ ಆಸನದ ಕೆಳಗೆ ಹಿಡಿಸುತ್ತದೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಉತ್ತರ ಭಾರತಕ್ಕೆ ಹೋಗುವವರಿಗೆ ಸಾಮಾನ್ಯ ದರ್ಜೆಯಲ್ಲಿ ಸಾಧಾರಣವಾಗಿ 15 ಕಿ.ಗ್ರಾಂ. ಲಗೇಜು ಹಾಗೂ 7 ಕಿ.ಗ್ರಾಂ. ಕೈಚೀಲಕ್ಕೆ ಅವಕಾಶವಿರುತ್ತದೆ. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಒಲೆಯ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಲಗೇಜಿಗೆ ಹಾಕುವ ಮುನ್ನ ಚೀಲದ ಪಟ್ಟಿಗಳನ್ನು ಒಳಸೇರಿಸಿ ಕಟ್ಟದಿದ್ದಲ್ಲಿ ಅವು ಯಂತ್ರಗಳಿಗೆ ಸಿಕ್ಕಿ ಹರಿಯಬಹುದು.

9. ಪೂರ್ವ ಪರೀಕ್ಷೆ

ಚಾರಣಕ್ಕೆ ಕನಿಷ್ಠ ಎರಡು ವಾರ ಮೊದಲು, ತುಂಬಿದ ಚೀಲದೊಂದಿಗೆ ಜಕ್ಕೂರು ಕೆರೆ ಅಥವಾ ಹೆಬ್ಬಾಳ ಕೆರೆಯ ನಡಿಗೆ ಪಥದಲ್ಲಿ ಒಂದು ಗಂಟೆ ನಡೆದು ನೋಡಬೇಕು. ಹೆಗಲಲ್ಲಿ ಜೋಮು ಹಿಡಿದರೆ ಸೊಂಟಪಟ್ಟಿ ಸಡಿಲವಾಗಿದೆ ಅಥವಾ ಬೆನ್ನಿನ ಅಳತೆ ತಪ್ಪಿದೆ ಎಂದರ್ಥ. ಮನೆಯಲ್ಲಿ ತೂಕದ ಯಂತ್ರದ ಮೇಲೆ ಚೀಲದೊಂದಿಗೆ ಒಮ್ಮೆ, ಚೀಲವಿಲ್ಲದೆ ಒಮ್ಮೆ ನಿಂತು ವ್ಯತ್ಯಾಸ ತೆಗೆದರೆ ಹೊರೆಯ ತೂಕ ತಿಳಿಯುತ್ತದೆ. ಬೆನ್ನು, ಮಂಡಿ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಸಲಹೆ ಪಡೆಯತಕ್ಕದ್ದು.

10. ಪ್ರವೇಶ ಸ್ಥಳದಲ್ಲಿ ತಪಾಸಣೆ

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಭಾರಿ ಜನದಟ್ಟಣೆ ಉಂಟಾದ ನಂತರ ಆನ್‌ಲೈನ್ ನೋಂದಣಿ ಇಲ್ಲದ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಅನುಮತಿ ನೀಡುವ ವ್ಯವಸ್ಥೆ ಜಾರಿಗೆ ಬಂದಿತು. ಅರ್ಜಿದಾರರು ಟಿಕೆಟ್ ಮತ್ತು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಚೀಲದ ಮೇಲಿನ ಜೇಬಿನಲ್ಲಿ, ಸುಲಭವಾಗಿ ಸಿಗುವಂತೆ ಇಟ್ಟುಕೊಳ್ಳಬೇಕು. ಪ್ರವೇಶ ಸ್ಥಳದಲ್ಲಿ ಚೀಲಗಳ ತಪಾಸಣೆ ನಡೆಯುವುದರಿಂದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ಮತ್ತು ಮದ್ಯವನ್ನು ಒಯ್ಯಬಾರದು. ಕಸವನ್ನು ಹಿಂದಕ್ಕೆ ತರಲು ಒಂದು ಬಟ್ಟೆಯ ಚೀಲ ಇರಲಿ. ಮಳೆ, ಕಾಳ್ಗಿಚ್ಚಿನ ಭೀತಿ ಮುಂತಾದ ಕಾರಣಗಳಿಂದ ಪಥಗಳನ್ನು ಮುಚ್ಚಲಾಗುವುದುಂಟು. ಆದಕಾರಣ ಹೊರಡುವ ಮುನ್ನ ಜಾಲತಾಣವನ್ನು ಮತ್ತೊಮ್ಮೆ ಪರಿಶೀಲಿಸತಕ್ಕದ್ದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಕಾಡಿನೊಳಗೆ ದೂರವಾಣಿ ಸಂಕೇತ ಸಿಗದಿರಬಹುದಾದ್ದರಿಂದ ಹಿಂದಿರುಗುವ ದಿನ ಮತ್ತು ಸಮಯವನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಬೆಲೆ, ಬಣ್ಣ, ಹೆಸರುಗಳಿಗಿಂತ ಅಳತೆ ಮತ್ತು ತೂಕಕ್ಕೆ ಆದ್ಯತೆ ನೀಡಿ ಚೀಲವನ್ನು ಆರಿಸಿಕೊಳ್ಳಬೇಕಾಗಿ ಹಾಗೂ ಸುರಕ್ಷಿತ ಚಾರಣಕ್ಕೆ ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.