ರಸ್ತೆ ಅಳೆದ ಗೋಡೆ: ಅಮೆರಿಕದ ಹಳೆಯ ಮೊಬೈಲ್ ಹೋಮ್‌ಗಳ ಚಳಿಗೆ ಮದ್ದು

ಕಾರ್ಖಾನೆಯಲ್ಲಿ ತಯಾರಾಗಿ ರಸ್ತೆಯ ಮೇಲೆ ಸಾಗಿಬಂದ ಮನೆಗಳಲ್ಲಿ ಅಮೆರಿಕದ ಸುಮಾರು 2 ಕೋಟಿ ಜನ ವಾಸಿಸುತ್ತಾರೆ. ಇವುಗಳಲ್ಲಿ 1976ಕ್ಕೆ ಮುಂಚಿನ ಮೊಬೈಲ್ ಹೋಮ್‌ಗಳು ಚಳಿಗಾಲ ಬಂತೆಂದರೆ ಮನೆಯವರ ಜೇಬು ಸುಡುತ್ತವೆ. ಚಾವಣಿ, ನೆಲ, ಕಿಟಕಿಗಳಿಗೆ ಒಂದಲ್ಲ ಒಂದು ಪರಿಹಾರ ಬೇಗ ಸಿಕ್ಕಿತು. ಹೆಚ್ಚು ಸತಾಯಿಸಿದ್ದು ಗೋಡೆ.

ಅದರ ಮೂಲ ಹೆದ್ದಾರಿಯಲ್ಲಿದೆ. ಎಳೆದೊಯ್ಯುವ ಮನೆ ಮೊದಲು 8 ಅಡಿ ಅಗಲವಷ್ಟೇ ಇರಬೇಕಿತ್ತು. 1950ರ ದಶಕದ ನಡುವೆ ವಿಸ್ಕಾನ್ಸಿನ್‌ನ ಎಲ್ಮರ್ ಫ್ರೇ 10 ಅಡಿಯ ಮನೆ ತಂದ ಮೇಲೆ ಅಗಲ 12, 14 ಅಡಿಗೆ ಬೆಳೆಯಿತು. ಹೊರ ಅಳತೆಯನ್ನು ರಸ್ತೆಯೇ ನಿಗದಿ ಮಾಡಿದಾಗ ಗೋಡೆ ದಪ್ಪವಾದಷ್ಟೂ ಕೋಣೆ ಕಿರಿದಾಗುತ್ತದೆ, ತೂಕವೂ ಏರುತ್ತದೆ. ಹಾಗಾಗಿ ಎರಡು ಅಥವಾ ಮೂರು ಇಂಚಿನ ರೀಪರ್‌ಗಳ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಒಂದೂವರೆ ಇಂಚಿನಷ್ಟು ಫೈಬರ್‌ಗ್ಲಾಸ್, ಗೋಡೆಯೆಂದರೆ ಇಷ್ಟೇ. ಇಂಧನ ಅಗ್ಗವಾಗಿದ್ದ ಕಾಲದಲ್ಲಿ ಇದು ಯಾರಿಗೂ ಕೊರತೆಯೆನಿಸಲಿಲ್ಲ.

1973ರ ತೈಲ ಬಿಕ್ಕಟ್ಟು ಲೆಕ್ಕಾಚಾರ ಬದಲಿಸಿತು. 1976ರಲ್ಲಿ ಎರಡು ದಾರಿಗಳು ತೆರೆದವು. ವಸತಿ ಇಲಾಖೆಯ ನಿಯಮಸಂಹಿತೆ ಜೂನ್ 15ರಿಂದ ಜಾರಿಗೆ ಬಂದು ಹೊಸ ಮನೆಗಳ ಶಾಖನಷ್ಟಕ್ಕೆ ಮಿತಿ ಹಾಕಿತು. ಬಡವರ ಮನೆಗಳನ್ನು ಚಳಿಯಿಂದ ಕಾಪಾಡುವ ಕೇಂದ್ರದ ನೆರವು ಯೋಜನೆಗೂ ಅದೇ ವರ್ಷ ಕಾನೂನಿನ ಬಲ ಬಂತು. ಆಗಲೇ ಕಟ್ಟಿ ನಿಂತಿದ್ದ ಮೊಬೈಲ್ ಹೋಮ್‌ಗಳು ಈ ಎರಡನೆಯ ದಾರಿಯ ಪಾಲಾದವು.

ಇಟ್ಟಿಗೆ, ಮರದ ಮಾಮೂಲಿ ಮನೆಗಳಿಗೆ ಕಲಿತ ವಿದ್ಯೆ ಇಲ್ಲಿ ನಡೆಯಲಿಲ್ಲ. 1980ರ ದಶಕದಲ್ಲಿ ಕೊಲರಾಡೋದ ಸೌರಶಕ್ತಿ ಸಂಶೋಧನಾ ಸಂಸ್ಥೆಯಲ್ಲಿ ರಾನ್ ಜಡ್ಕಾಫ್ ಮತ್ತು ಸಂಗಡಿಗರು ಮೊಬೈಲ್ ಹೋಮ್‌ಗಳಿಗೆ ಒಂದೊಂದು ದುರಸ್ತಿ ಮಾಡುವ ಮೊದಲೂ ಆಮೇಲೂ ಶಾಖನಷ್ಟ ಅಳೆದರು. ಊಹೆಯ ಜಾಗಕ್ಕೆ ಅಳತೆ ಬಂತು. ಬಾಗಿಲಿಗೆ ಫ್ಯಾನ್ ಕೂರಿಸಿ ಗಾಳಿಯ ಸೋರಿಕೆ ಪತ್ತೆಹಚ್ಚುವ ‘ಬ್ಲೋವರ್ ಡೋರ್’ ಕೆಲಸಗಾರರ ಮುಖ್ಯ ಸಲಕರಣೆಯಾಯಿತು.

ಗೋಡೆಗೆ ಸಿಕ್ಕ ಉಪಾಯ ಅದರ ದೌರ್ಬಲ್ಯದಿಂದಲೇ ಹುಟ್ಟಿತು. ಹೊರತಗಡು ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಕೆಳಅಂಚಿನ ಸ್ಕ್ರೂ ಬಿಚ್ಚಿ ತಗಡನ್ನು ತುಸು ಎತ್ತಿ, ಫೈಬರ್‌ಗ್ಲಾಸ್ ಹಾಸನ್ನು ಬಳುಕುವ ಪ್ಲಾಸ್ಟಿಕ್ ಹಾಳೆಗೆ ಸುತ್ತಿ ಮೇಲಕ್ಕೆ ತೂರಿಸುತ್ತಾರೆ, ಹಾಳೆಯನ್ನಷ್ಟೇ ಹೊರಗೆಳೆಯುತ್ತಾರೆ. ಮತ್ತೊಂದು ವಿಧಾನದಲ್ಲಿ ಉದ್ದನೆಯ ಕೊಳವೆ ತೂರಿಸಿ ಬಿಡಿ ಫೈಬರ್‌ಗ್ಲಾಸ್ ಊದುತ್ತಾರೆ. ಒತ್ತಡ ಹೆಚ್ಚಾದರೆ ಒಳಗಿನ ಪ್ಲೈವುಡ್ ಉಬ್ಬಿ ಮೊಳೆ ಕಿತ್ತು ಬರುತ್ತದೆ. ಕಾಗದದಿಂದ ತಯಾರಾಗುವ ಸೆಲ್ಯುಲೋಸ್ ಅಗ್ಗವಾದರೂ ಭಾರ, ನೀರನ್ನೂ ಹೀರುತ್ತದೆ. ಮಳೆನೀರು ಒಳನುಸುಳುವ ತಗಡಿನ ಹಿಂದೆ ಅದನ್ನು ತುಂಬುವುದು ಜಾಣತನವಲ್ಲ. ಗೋಡೆಯೊಳಗೆ ತುಂಬುವ ಇನ್ನೊಂದು ವಸ್ತುವಾದ ಯೂರಿಯಾ-ಫಾರ್ಮಾಲ್ಡಿಹೈಡ್ ನೊರೆಯನ್ನು ಅಮೆರಿಕ 1982ರಲ್ಲಿ ನಿಷೇಧಿಸಿತು. ಮರುವರ್ಷ ನ್ಯಾಯಾಲಯ ನಿಷೇಧ ರದ್ದುಮಾಡಿದರೂ ಅದರ ಮೇಲಿದ್ದ ನಂಬಿಕೆ ಮರಳಲಿಲ್ಲ.

ಫೈಬರ್‌ಗ್ಲಾಸ್‌ನ ಶಾಖತಡೆ ಇಂಚಿಗೆ ಸುಮಾರು ಆರ್-3ರಿಂದ 4 (ಆರ್ ಅಂಕ ಹೆಚ್ಚಾದಷ್ಟೂ ತಡೆ ಹೆಚ್ಚು). ‘ಮೂರಿಂಚಿನ’ ರೀಪರ್ ನಿಜಕ್ಕೂ ಎರಡೂವರೆ ಇಂಚು. ಪೂರ್ತಿ ತುಂಬಿದರೂ ಆರ್-10ರ ಒಳಗೇ ನಿಲ್ಲುತ್ತದೆ. ಆ ಮಿತಿ ದಾಟಬೇಕಾದರೆ ತಗಡು ಬದಲಿಸುವಾಗಲೇ ಹೊರಗೆ ಒಂದಿಂಚಿನ ಗಟ್ಟಿ ಫೋಮ್ ಹಲಗೆ ಹೊಡೆಯಬೇಕು. ಅದು ಆರ್-4 ಅಥವಾ 5 ಕೂಡಿಸುವುದಲ್ಲದೆ ರೀಪರ್‌ಗಳ ಮೂಲಕ ಸೋರುವ ಶಾಖಕ್ಕೂ ಅಡ್ಡ ನಿಲ್ಲುತ್ತದೆ. ಊರಿದ ಜಾಗದಿಂದ ಮನೆ ಇನ್ನು ಕದಲುವುದಿಲ್ಲ ಎಂದಾದ ಮೇಲೆ ರಸ್ತೆಯ ಅಳತೆಗೆ ಅಂಜಬೇಕಿಲ್ಲ.

ಹೊಸ ಮನೆಗಳ ನಿಯಮ 1994ರಲ್ಲಿ ಬಿಗಿಯಾಯಿತು. 2007ರ ಕಾಯ್ದೆ ಕೇಳಿದ್ದ ಮುಂದಿನ ನಿಯಮವನ್ನು ಇಂಧನ ಇಲಾಖೆ 2022ರಲ್ಲಿ ಹೊರಡಿಸಿತು. ಪಾಲನೆಯ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಹಳೆಯ ಗೋಡೆಗೆ ಇದರಿಂದ ಏನೂ ದಕ್ಕದು. ಅದಕ್ಕೆ ದಕ್ಕಿದ್ದು ಕೆಲಸಗಾರರ ಅನುಭವ ರೂಪಿಸಿದ ಒಂದು ಕ್ರಮ: ಮೊದಲು ವೈರಿಂಗ್, ಅದರಲ್ಲೂ 1965-73ರ ಅಲ್ಯೂಮಿನಿಯಂ ತಂತಿಯ ಪರೀಕ್ಷೆ, ಬಳಿಕ ಮಳೆನೀರಿನ ದಾರಿ ಮುಚ್ಚುವುದು, ಆಮೇಲೆ ಗಾಳಿಯ ಸೋರಿಕೆ, ಕೊನೆಗೆ ಫೈಬರ್‌ಗ್ಲಾಸ್. ತಗಡು ಬಿಚ್ಚಿದಾಗ ರೀಪರ್ ಕೊಳೆತಿದ್ದು ಕಂಡರೆ ಇನ್ಸುಲೇಷನ್ನಿನ ಮಾತು ಅಲ್ಲಿಗೇ ನಿಲ್ಲಬೇಕು. ಆ ದುಡ್ಡು ಮರದ ದುರಸ್ತಿಗೆ ಅಥವಾ ಬೇರೆ ಮನೆಗೆ ಹೋಗುವುದೇ ಸರಿ.